ಬಿಟ್ಟ ಸ್ಥಳ

ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ತಗಡಿನ ಶೆಡ್ಡು.
ಒಳಗೊಂದು ಕಬ್ಬಿಣದ ಬಾಯಿ.
ತೆರೆಯುತ್ತದೆ, ಮುಚ್ಚುತ್ತದೆ. ತೆರೆಯುತ್ತದೆ, ಮುಚ್ಚುತ್ತದೆ.
ನಿಮಿಷಕ್ಕೆ ಹದಿನೆಂಟು ಸಲ.
ಎರಡು ತುತ್ತಿನ ನಡುವೆ ಹಾಳೆ ಇಟ್ಟು
ಕೈ ತೆಗೆಯುವಷ್ಟು ಹೊತ್ತು
ದಾದಾಪೀರಣ್ಣನಿಗೆ ಸಾಕು.
ಇಪ್ಪತ್ತಾರು ವರ್ಷದಿಂದ ಸಾಕಾಗಿದೆ,
ಒಂದೇ ಒಂದು ಸಲ ಬಿಟ್ಟು.
ಆ ಸಲದ ಕತೆ ಅವನ ಎಡಗೈ ಕಿರುಬೆರಳು ಹೇಳುತ್ತದೆ,
ಇದ್ದಷ್ಟು.

ಪ್ಲೈವುಡ್ಡಿನ ಹಲಗೆಯಲ್ಲಿ ಡಬ್ಬಿಯ ನಕ್ಷೆ ಕೊರೆದು
ಗೆರೆಗೆರೆಗೂ ಉಕ್ಕಿನ ಪಟ್ಟಿ ನೆಟ್ಟಿರುತ್ತಾರೆ.
ಚೂಪು ಪಟ್ಟಿ ಕೊಯ್ಯುವುದಕ್ಕೆ, ಮೊಂಡು ಪಟ್ಟಿ ಮಡಿಸುವುದಕ್ಕೆ.
ಎರಡೂ ಅಕ್ಕಪಕ್ಕ, ಎತ್ತರದಲ್ಲಿ ಕೂದಲೆಳೆ ವ್ಯತ್ಯಾಸ.
"ನಮ್ ಓನರ್ರೂ ಅವರ ತಮ್ಮನೂ ಇದ್ದಂಗೆ"
ಅಂದು ದಾದಾಪೀರಣ್ಣ ಅತ್ತಿತ್ತ ನೋಡಿದ್ದ.

ಸ್ಟಿಕ್ಕರ್ ಕೆಲಸ ಬಂದ ದಿನ ಇನ್ನೂ ನಾಜೂಕು.
ಮೇಲಿನ ಕಾಗದ ಸೀಳಬೇಕು,
ಕೆಳಗಿನದಕ್ಕೆ ಸುದ್ದಿಯೇ ಮುಟ್ಟಬಾರದು.
ಅವತ್ತು ಅವನು ರೇಡಿಯೋ ಆರಿಸುತ್ತಾನೆ.
ಅಲಗು ಊರದ ಕಡೆ
ಟಿಶ್ಯೂ ಕಾಗದದ ಚೂರು ಎಂಜಲು ಹಚ್ಚಿ ಅಂಟಿಸುತ್ತಾ
ಒಂದು ಗಂಟೆ, ಒಂದೂವರೆ ಗಂಟೆ.

ನಾನು ಹಾಲಮ್ಮ. ಮೆಷಿನ್ನಿನ ಈಚೆ ನನ್ನ ಜಾಗ.
ಕೊಯ್ದ ಹಾಳೆ ನೂರರ ಕಟ್ಟಾಗಿ ಬರುತ್ತದೆ.
ಮರದ ಸುತ್ತಿಗೆಯಲ್ಲಿ ಅಂಚಿಗೆ ಬಡಿದು,
ಸಂದಿಗೆ ಹೆಬ್ಬೆರಳು ಕೊಟ್ಟು,
ಡಬ್ಬಿ ಒಂದು ಕಡೆ, ಸಿಪ್ಪೆ ಒಂದು ಕಡೆ.
ಪೂರ್ತಿ ಕೊಯ್ದರೆ ಎಲ್ಲಾ ಮೆಷಿನ್ನಲ್ಲೇ ಚೆಲ್ಲಾಪಿಲ್ಲಿ.
ಅದಕ್ಕೇ ಚೂಪು ಪಟ್ಟಿಯಲ್ಲಿ ಅಲ್ಲಲ್ಲಿ
ಇರುವೆ ಹಲ್ಲಿನಷ್ಟು ಕಚ್ಚು.
ಅಲ್ಲಿ ಮಾತ್ರ ಅಲಗು ತಾಗುವುದಿಲ್ಲ.
ಡಬ್ಬಿ ಹಾಳೆಯನ್ನು ಹಿಡಿದುಕೊಂಡಿರುತ್ತದೆ,
ನನ್ನ ಕೈ ಬರುವ ತನಕ.
ಆ ಇರುವೆ ಹಲ್ಲಿನಷ್ಟು ಜಾಗವೇ ನನ್ನ ಪಗಾರ.

ಮೊನ್ನೆ ಮಂಗಳವಾರ ಬಿಸ್ಕತ್ತಿನ ಡಬ್ಬಿಗೆ ಹೊಸ ಡೈ ಬಂತು.
ಮೌನೇಶಾಚಾರ್ರಿಗೆ ಕಣ್ಣಿನ ಪೊರೆ ತೆಗೆದಿದ್ದರು;
ಅವರ ಮಗ ಹುಬ್ಬಳ್ಳಿಯಲ್ಲಿ ಲೇಸರಿನಿಂದ ಕೊರೆಸಿ ತಂದಿದ್ದ.
ಗೆರೆ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು.
ಕಚ್ಚು ಹಾಕುವುದು ಮರೆತಿದ್ದ.
ಮೂರನೇ ಹಾಳೆಗೇ ಡಬ್ಬಿಗಳು ಉದುರಿ
ಗಾಲಿ ಗಕ್ಕೆಂದಿತು. ಸುಟ್ಟ ಬೆಲ್ಟಿನ ವಾಸನೆ.
ದಾದಾಪೀರಣ್ಣ ಕೈ ಹಾಕಲಿಲ್ಲ. ಮೊದಲು ಸ್ವಿಚ್ಚು.
ಆಮೇಲೆ ಬೈಗುಳ, ಹುಬ್ಬಳ್ಳಿಯಿಂದ ಶುರುವಾಗಿ.

ಡೈ ಬಿಚ್ಚಿ ಮೇಜಿನ ಮೇಲಿಟ್ಟ.
ಮೂರುಮೂಲೆಯ ಅರ ಹಿಡಿದ.
ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ,
"ಹಾಲಮ್ಮಾ, ಎಲ್ಲಿ ಬಿಡ್ಲಿ?" ಅಂದ.

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು
ಬಿಟ್ಟ ಸ್ಥಳ ತುಂಬಿರಿ ಅಂದಿದ್ದರು, ಆಗ ಬಂದಿರಲಿಲ್ಲ ಉತ್ತರ.
ಈಗ ಹೆಬ್ಬೆರಳಿಗೆ ಬಾಯಿಪಾಠ.
ಮೂಲೆಗೆ ಬ್ಯಾಡ, ಹರೀತೈತೆ.
ಮುಚ್ಚಳದ ತುಟಿಗೂ ಬ್ಯಾಡ,
ಹುಡುಗರು ಕೈ ಹಾಕೋ ಜಾಗ, ಮುಳ್ಳಿನಂಗೆ ತಾಗ್ತೈತೆ.
ಗೋಂದು ಹಚ್ಚೋ ಮಡಿಕೆಗೆ ಎರಡು ಹಾಕು,
ಒಳಗೆ ಹೋಗ್ತಾವೆ, ಯಾರಿಗೂ ಕಾಣಲ್ಲ.
ತಳಕ್ಕೆ ಒಂದು.
ಹಾಳೆಗೆ ನಾಲ್ಕು ಡಬ್ಬಿ.
ಹನ್ನೆರಡು ಸಲ ಅರ ಎಳೆದ, ಹನ್ನೆರಡು ಸಲ ಊದಿದ.

ರಾತ್ರಿ ಎಂಟಕ್ಕೆ ನಾಲ್ಕು ಸಾವಿರ ಹಾಳೆ. ಒಂದೂ ಹರಿಯಲಿಲ್ಲ.
ಪಗಾರ ಏರಲಿಲ್ಲ. ಏರಲಿಕ್ಕೆ ಓನರ್ರಿಗೆ ಗೊತ್ತಾಗಬೇಕಲ್ಲ.
ಸಿಪ್ಪೆ ಎಂದಿನಂತೆ ರದ್ದಿಯವನ ಆಟೋ ಹತ್ತಿತು,
ಡಬ್ಬಿಯಾಕಾರದ ತೂತುಗಳನ್ನು ಹೊತ್ತು.

ನಾದಿನಿ ಬಂದಿದ್ದಳೆಂದು ಶನಿವಾರ
ಬೇಕರಿಯಲ್ಲಿ ಕಾಲು ಕೆಜಿ ಬಿಸ್ಕತ್ತು ಕೊಂಡೆ.
ಸಿಟಿ ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿ.
ಕೇಳದೆಯೇ ಹೆಬ್ಬೆರಳು ತಳ ಸವರಿತು.
ಇತ್ತು. ಗಸಗಸೆಯಷ್ಟು.

ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿತ್ತು.
ಗೂಡ್ಸ್ ಗಾಡಿ, ಉದ್ದದ್ದು.
ಎಲ್ಲರೂ ಗೊಣಗುತ್ತಿದ್ದರು.
ನನಗೇನೂ ಅವಸರವಿರಲಿಲ್ಲ.