ಡಾಕ್ಟರ್ ಹೇಳ್ತಾರೆ

ಏಳು ವರ್ಷ ನಾನು ಒಂದೇ ವಾಕ್ಯ ಹೇಳಿದ್ದೇನೆ.
ಕಂಕನಾಡಿಯ ಲ್ಯಾಬಿನ ಗಾಜಿನ ಕಿಂಡಿಯ ಹಿಂದೆ ಕೂತು
ರಿಪೋರ್ಟು ಮಡಚಿ, ಲಕೋಟೆಗೆ ತುರುಕಿ,
ಆಚೆ ಬದಿಯ ಕಣ್ಣು ತಪ್ಪಿಸಿ
"ಡಾಕ್ಟರ್ ಹೇಳ್ತಾರೆ."

ನನಗೆ ಗೊತ್ತಿರುತ್ತಿತ್ತು, ಅಷ್ಟಿಷ್ಟು.
ನೇರಳೆ ಮುಚ್ಚಳದ ನಳಿಗೆಯಲ್ಲಿ ರಕ್ತ ಮೆಲ್ಲ ಹೊರಳಿಸುವಾಗ
ಅದರ ತೆಳುವು ತಿಳಿಯುತ್ತಿತ್ತು,
ಗಂಜಿಯ ತಿಳಿ ನೋಡಿಯೇ ಅಮ್ಮ ಹದ ಹೇಳುವ ಹಾಗೆ.
ಬಿ.ಎಸ್ಸಿ. ಇತ್ತು, ಮೇಲೊಂದು ಡಿಪ್ಲೊಮಾ ಇತ್ತು.
ಹೇಳುವ ಹಕ್ಕು ಇರಲಿಲ್ಲ.

ಒಂದು ರಾತ್ರಿ ಬೆಂಗರೆಯಿಂದ ಕೊನೆಯ ದೋಣಿ ಹಿಡಿದು ಬಂದರು,
ತಂದೆ, ಹೆಗಲಲ್ಲಿ ಆರು ವರ್ಷದವನು,
ಅವನ ಮುಷ್ಟಿಯಲ್ಲಿ ಹಳದಿ ಪ್ಲಾಸ್ಟಿಕ್ಕಿನ ಜೆಸಿಬಿ.
ಸ್ಲೈಡಿನಲ್ಲಿ ಇರಬಾರದ ಕಣಗಳು,
ದೊಡ್ಡವು, ಎಳೆಯವು, ಗುಂಪು ಗುಂಪು.
ನಾನು ಎರಡು ಸಲ ನೋಡಿದೆ. ಕನ್ನಡಕ ಒರೆಸಿ ಮತ್ತೊಂದು ಸಲ.
"ಬರೀ ಜ್ವರ ಅಲ್ವಾ ಅಕ್ಕ?"
ವಾಕ್ಯ ತಾನಾಗಿಯೇ ಬಂತು.
ಡಾಕ್ಟರ್ ಬರುವುದು ಬೆಳಿಗ್ಗೆ ಹತ್ತಕ್ಕೆ.

ಹತ್ತರ ತನಕ ಅವರು ಬೆಂಚಿನಲ್ಲೇ ಇದ್ದರು.
ಲಕೋಟೆ ತೆರೆದು, ಮುಚ್ಚಿ, ತೆರೆದು,
ಅಂಕಿಗಳ ಪಕ್ಕದ ನಕ್ಷತ್ರದ ಗುರುತಿಗೆ ಬೆರಳಿಟ್ಟು
ಮಗನಿಗೆ ತೋರಿಸುತ್ತಿದ್ದರು:
"ನೋಡು, ನಿನಗೆ ಮೂರು ಸ್ಟಾರ್ ಉಂಟು."

ಆ ವಾರವೇ ಫಾರ್ಮು ತುಂಬಿದೆ.
ಪಿಯುಸಿ ಮುಗಿಸಿದ ವರ್ಷ ಹುಡುಕಲು
ಮೊಬೈಲಿನಲ್ಲಿ ಬೆರಳು ಕೆಳಗೆಳೆದೆ, ಎಳೆದೆ,
ಏಪ್ರಿಲಿನ ಬಾವಿಗೆ ಹಗ್ಗ ಬಿಟ್ಟ ಹಾಗೆ.
"ನಡುವಿನ ಅಂತರಕ್ಕೆ ಕಾರಣ" ಎಂಬಲ್ಲಿ ಒಂದೇ ಗೆರೆಯ ಜಾಗ.
ಕೆಲಸ, ಎಂದು ಬರೆದೆ.

ದೊಡ್ಡಮ್ಮ ನಕ್ಕರು: "ಪಂಪ್‌ವೆಲ್ಲಿನ ಫ್ಲೈಓವರೇ ಮುಗೀತು,
ನಿನ್ನ ಓದು ಇನ್ನೂ ಮುಗಿಯುದಿಲ್ವಾ ಮಾರಾಯ್ತಿ?"
ನಾನೂ ನಕ್ಕೆ. ರಾತ್ರಿ ಪಾಳಿ ಕೇಳಿ ಪಡೆದೆ.

ಬಲ್ಮಠದಲ್ಲಿ ಮೂರನೇ ಮಾಳಿಗೆ, ರಿಪೀಟರ್ಸ್ ಬ್ಯಾಚು.
ಸಾನ್ವಿ, ಧನ್ವಿತ್, ರಿಯೋನಾ, ಅಫ್ರಾಜ್,
ಹಾಜರಿಯ ನಡುವೆ ದಿಢೀರನೆ "ಹರಿಣಾಕ್ಷಿ".
ಯಾರದೋ ಅತ್ತೆ ಬಂದಿದ್ದಾರೆಂದು ಎಲ್ಲರೂ ತಿರುಗಿ ನೋಡಿದರು.
ಮೇಷ್ಟ್ರು ನನಗಿಂತ ಎರಡು ವರ್ಷಕ್ಕೆ ಚಿಕ್ಕವರು,
ಅವರೂ ಅಕ್ಕ ಎನ್ನುತ್ತಾರೆ.

ರಕ್ತದ ಪಾಠ ಬಂದ ದಿನ ನಾನು ರಾಣಿ.
ಇಳಿಜಾರಿನಲ್ಲಿ ಉರುಳುವ ಗುಂಡು ಬಂದ ದಿನ
ಅದರ ಜೊತೆ ನಾನೂ ಉರುಳುತ್ತೇನೆ.
ಕೆಲವೊಮ್ಮೆ ಅರ್ಧ ಲೆಕ್ಕದಲ್ಲಿ ನಿದ್ದೆ,
ಪೆನ್ನು ಎಳೆದ ಗೆರೆ ಪುಟದಾಚೆ ಹೋಗಿ
ಮುಂದಿನ ಬೆಂಚಿನವಳ ಬಿಳಿ ಚೂಡಿದಾರದ ಮೇಲೆ.

ಇಲ್ಲಿನ ನಿಯಮ ಇದು, ಮೊದಲ ದಿನವೇ ಹೇಳಿದರು:
ಸರಿ ಉತ್ತರಕ್ಕೆ ನಾಲ್ಕು.
ಗೊತ್ತಿಲ್ಲದ್ದನ್ನು ಗೊತ್ತೆಂದರೆ ಒಂದು ಕಳೆಯುತ್ತಾರೆ.
ಗೊತ್ತಿದ್ದೂ ಖಾಲಿ ಬಿಟ್ಟರೆ ಸೊನ್ನೆ.
ಆ ಸೊನ್ನೆಯನ್ನು ನಾನು ಬಹಳ ಹೊತ್ತು ನೋಡಿದೆ.
ಏಳು ವರ್ಷದ ನನ್ನ ಅಂಕಪಟ್ಟಿ.

ಅಕ್ಟೋಬರಿನಲ್ಲಿ ಡೆಂಗ್ಯೂ ಎದ್ದಿತು.
ರಾತ್ರಿ ಎರಡಕ್ಕೆ ಕಿಂಡಿಯಾಚೆ ಧನ್ವಿತ್,
ಮುಖ ಕೆಂಪು, ಜೊತೆಗೆ ನೈಟಿಯ ಮೇಲೆ ಶಾಲು ಹೊದ್ದ ಅವನ ಅಮ್ಮ.
ಮೊನ್ನೆ ನನಗೆ ಘರ್ಷಣೆ ವಿವರಿಸಿದ ಹುಡುಗ
ಸೂಜಿ ಕಂಡು ಕಣ್ಣು ಮುಚ್ಚಿದ.
"ಡಾಕ್ಟರ್ ಆಗುವವನು ನೀನು," ಎಂದೆ.
ಒಂದೇ ಚುಚ್ಚಿಗೆ ನರ ಸಿಕ್ಕಿತು.

ಯಂತ್ರ ಕಾಗದ ಉಗುಳಿತು. ಎರಡು ನಕ್ಷತ್ರ.
ಅವನು ತುದಿಗಾಲಲ್ಲಿ ನಿಂತು ಇಣುಕಿದ:
"ಎಷ್ಟುಂಟು ಅಕ್ಕ?"

ವಾಕ್ಯ ನಾಲಿಗೆಗೆ ಬಂತು, ಅರ್ಧದಲ್ಲಿ ನಿಂತಿತು.
ಅವನೇ ಮುಗಿಸಿದ, ಆ ಜ್ವರದಲ್ಲೂ ನಗುತ್ತಾ,
"ಡಾಕ್ಟರ್ ಹೇಳ್ತಾರೆ, ಅಲ್ವಾ? ಯಾವಾಗ ಅಕ್ಕ?"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.
ಮೇ ತಿಂಗಳಲ್ಲಿ ಪರೀಕ್ಷೆ. ಸೀಟು ಸಿಕ್ಕಿದರೆ,
ಸಿಕ್ಕಿದರೆ, ಐದೂವರೆ ವರ್ಷ.
ಆಗ ನನಗೆ ಮೂವತ್ತಾರು.

"ಬೆಳಿಗ್ಗೆ ಹತ್ತಕ್ಕೆ," ಎಂದೆ.
ಲಕೋಟೆ ಅಂಟಿಸಲಿಲ್ಲ.
ಕಿಂಡಿಯ ಬದಿಯ ಬಾಗಿಲು ತೆಗೆದು ಹೊರಗೆ ಬಂದು
ಬೆಂಚಿನಲ್ಲಿ, ಅವನ ಅಮ್ಮನ ಪಕ್ಕ ಕೂತೆ.