ಕಟ್ಟು, ಕಟ್ಟಳೆ

ಆರೋಗ್ಯ ಇಲಾಖೆ ಕಂಪೌಂಡಿನ ಹೊರಗ
ಬೇವಿನ ಗಿಡದ ಬುಡಕ ನನ್ನ ಮೇಜು.
ಒಂದು ಕಂಪ್ಯೂಟರ್, ಕೆಮ್ಮುವ ಪ್ರಿಂಟರ್,
ವಿಜಯಪುರದ ಗಾಳಿಗೆ ಕಾಗದ ಹಾರದಂಗ
ಮ್ಯಾಲೊಂದು ಲೂನಾದ ಹಳೇ ಗೇರ್ ಚಕ್ರ.
ಅರ್ಜಿ ತುಂಬೋದು ನನ್ನ ಕಸಬು,
ಪುಟಕ್ಕ ಇಪ್ಪತ್ತು.

ಸಾಯಬಣ್ಣ ಬಂದ. ಹಿಂದ ಮೊಮ್ಮಗಳು ಭೌರಮ್ಮ,
ಎದಿಗೆ ಅವಚಿದ ಫೈಲು.
ತಾಳಿಕೋಟಿ ಬಸ್ಸಿನ ಧೂಳ ಇನ್ನೂ ಇಬ್ಬರ ಹೆಗಲ ಮ್ಯಾಲ.

ಆ ಕೈ ನಾ ಬಲ್ಲೆ.
ಒಂಬತ್ತನೇ ವಯಸ್ಸಿಗೆ ಮಾಳಿಗಿಯಿಂದ ಬಿದ್ದಾಗ
ಬಿದಿರಿನ ಸೀಳು, ಉದ್ದಿನ ಹಿಟ್ಟು, ತತ್ತಿಯ ಬಿಳಿ,
ಹರಕ ಧೋತರದ ಪಟ್ಟಿ:
ಕಟ್ಟಿದಾವ ಇವ, ಬಿಚ್ಚಿದಾವ ಇವ.
ಅವಗ ಗುರ್ತಿಲ್ಲ. ನಾನೂ ಹೇಳಲಿಲ್ಲ.

‘ಸಂಸ್ಥೆಯ ಹೆಸರು?’
‘ಸಾಯಬಣ್ಣನ ಕಟ್ಟು. ಸೀಮಿಯೆಲ್ಲಾ ಹಂಗ ಅಂತೈತಿ.’
‘ಆಯುರ್ವೇದ ಚಿಕಿತ್ಸಾಲಯ ಅಂತ ಬರೀರಿ,’
ಅಂದ್ಲು ಭೌರಮ್ಮ, ಮೆಲ್ಲಗ,
‘ಯಾವ ಪದ್ಧತಿ ಅಂತ ಬೋರ್ಡೇ ಹೇಳಬೇಕ್ರಿ.’

ಬಾಡಿಗಿ ಕರಾರು ಐತಿ. ಖೋಲಿಯ ನಕ್ಷೆ ಐತಿ.
ಹಳದಿ ಚೀಲ, ಕೆಂಪು ಚೀಲ,
ಕಸ ಒಯ್ಯುವ ಗಾಡಿಯವರ ಸಹಿ ಐತಿ.
ಮುದುಕ ನಕ್ಕ:
‘ನನ್ನ ಕಸ ಅಂದ್ರ ತತ್ತಿ ಸಿಪ್ಪಿ.
ಕೋಳಿನೇ ಬಂದು ತಿಂದು ಹೋಗತಿತ್ತು.’

‘ದರಪಟ್ಟಿ ಗ್ವಾಡಿಗೆ ಹಚ್ಚಬೇಕಜ್ಜಾ.’
‘ಒಂದು ಟೆಂಗಿನಕಾಯಿ. ಇಲ್ಲದವರು ಅದೂ ಇಲ್ಲ.
ಹ್ಯಾಂಗ ಬರೀತಿ ಬರಿ.’
ಕಾಯಿ, ಒಂದು — ಅಂತ ಒತ್ತಿದೆ.
ಅಳಿಸಿದೆ.

ಆಮ್ಯಾಲ ಬಂತು ಆ ಕಾಲಂ:
ಚಿಕಿತ್ಸೆ ನೀಡುವವರು, ವಿದ್ಯಾರ್ಹತೆ, ನೋಂದಣಿ ಸಂಖ್ಯೆ.
ಭೌರಮ್ಮ ಫೈಲು ಬಿಚ್ಚಿದ್ಲು.
ಐದೂವರೆ ವರ್ಷ, ಲ್ಯಾಮಿನೇಷನ್ನಿನೊಳಗ
ಬಿಸಿಲಿಗೆ ಫಳ್ ಅಂತು.
ಮೊದಲ ಸಾಲು ತುಂಬಿತು.
ಎರಡನೇ ಸಾಲಿನ್ಯಾಗ ಕರ್ಸರ್
ಮಿಣುಕತಾ ನಿಂತಿತು.

ಋಣ ಅನ್ನೋದು ಬೆರಳಿಗೆ ಬಂತೇನೋ,
‘ಅಜ್ಜಾನ ಹೆಸರು ಹಾಕೂಣೇನ್ರಿ?
ಅನುಭವ, ಐವತ್ತು ವರ್ಷ ಅಂತ.’
ಭೌರಮ್ಮ ಬೇವಿನ ಗಿಡ ನೋಡಿದ್ಲು.

‘ಬ್ಯಾಡ,’ ಅಂದ ಮುದುಕ.
ಜೀಪೊಂದು ಗೇಟು ದಾಟೋ ತನಕ ಸುಮ್ಮನಿದ್ದ.

‘ಕಲಕೇರಿ ಕಡೆಯ ಹುಡುಗ. ಮೊಣಕೈ.
ಬಿಗಿ ಕಟ್ಟಿದ್ದೆ.
ಬೆರಳು ಕರ್ರಗಾದುವು ಅಂತ ತಾಯಿ ಓಡಿ ಬಂದ್ರ
ಕೆಟ್ಟ ರಕ್ತ, ಇಳೀತೈತಿ ಹೋಗು ಅಂದೆ.
ಮೂರನೇ ದಿನ ಸೊಲ್ಲಾಪುರಕ್ಕ ಒಯ್ದರು.
ಅಲ್ಲಿ ಕೈ ತೆಗೆದರು.
ಯಾರೂ ನನ್ನ ಕೇಳಲಿಲ್ಲ ತಮ್ಮಾ.
ಪೊಲೀಸರು ಬರಲಿಲ್ಲ, ಕಾಗದ ಬರಲಿಲ್ಲ.
ಮರುವರ್ಷ ಅದೇ ತಾಯಿ
ಸಣ್ಣ ಮಗನ್ನ ಕರಕೊಂಡು ಬಂದಳು, ಕಾಲು ಉಳುಕಿತ್ತು,
ಕೈಯಾಗ ಟೆಂಗಿನಕಾಯಿ.
ಯಾರರ ಕೇಳಬೇಕಿತ್ತು.’

ಮೊಮ್ಮಗಳಿಗೂ ಇದು ಹೊಸಾದು.
ಫೈಲಿನ ದಾರ ಕಟ್ಟಿದ್ಲು, ಬಿಚ್ಚಿದ್ಲು,
ಮತ್ತ ಕಟ್ಟಿದ್ಲು, ಸಡ್ಲಾಗಿ.

ಎರಡನೇ ಸಾಲಿಗೆ ನಾ ಒತ್ತಿದೆ:
ಅನ್ವಯಿಸುವುದಿಲ್ಲ.

ಹನ್ನೊಂದು ಪುಟ, ಇನ್ನೂರಾ ಇಪ್ಪತ್ತು.
ರೊಕ್ಕ ಕೊಡುವಾಗ ಮುದುಕ
ನನ್ನ ಎಡಗೈ ಬಿಡಲಿಲ್ಲ.
ಹೆಬ್ಬೆರಳು ಮಣಿಕಟ್ಟಿನಿಂದ ಮ್ಯಾಲ ಹತ್ತಿ
ಒಂದು ಕಡೆ ನಿಂತಿತು,
ಊರು ಸಿಕ್ಕವರಂಗ.

‘ಇದು ನಂದು,’ ಅಂದ.
‘ಜರಾ ವಾರಿ ಕೂಡೈತಿ.
ಚಳಿಗೆ ಹಿಡೀತೈತೇನು?’
‘ಹಿಡೀತೈತಿ,’ ಅಂದೆ.

‘ಆಕಿ ಕಡೆ ತೋರಿಸು.’
ಎರಡು ಹೆಜ್ಜಿ ಹೋಗಿ ತಿರುಗಿದ:
‘ಈಗಲ್ಲ. ಸರ್ಟಿಫಿಕೇಟು ಬರಲಿ.’