ಮಳೆ ಬಂದರೆ ಈ ದಾರಿ

ಗುಡ್ಡ ಇವತ್ತಿಲ್ಲ. ನಿನ್ನೆ ಇತ್ತು;
ರಾತ್ರಿ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಿದ್ದಾರೆ.
ಶೆಫೀಲ್ಡಿನ ಹಂಟರ್ಸ್ ಬಾರ್ ವೃತ್ತದ ಬಳಿ ಐದು ಜನ,
ಐದು ಬಣ್ಣದ ರೇನ್‌ಕೋಟು,
ನನ್ನ ಕೈಲಿ ಎನಿಡ್ ಕೊಟ್ಟ ಹಾಳೆ,
‘ಮಳೆ ಬಂದರೆ ಈ ದಾರಿ’ ಎಂದು ತಲೆಬರಹ,
ಪ್ಲಾಸ್ಟಿಕ್ಕಿನೊಳಗೆ ಬೆಚ್ಚಗೆ.

ಹದಿನೆಂಟು ವರ್ಷ ಗುರುವಾರಗಳನ್ನು ನಡೆಸಿದವಳು
ಹೊಸ ಸೊಂಟದೊಡನೆ ಮನೆಯಲ್ಲಿ ಕೂತಿದ್ದಾಳೆ.
ಫೋನಿನಲ್ಲಿ ಹೇಳಿದಳು: ಓದಿಕೊಂಡು ನಡಿ, ಸಾಕು.
ತಪ್ಪುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಪಾರ್ಕಿನೊಳಗೆ ಪೋರ್ಟರ್ ತೊರೆ ಮೈತುಂಬಿ
ದಾಟುಗಲ್ಲುಗಳ ನೆತ್ತಿ ಮಾತ್ರ ಕಾಣುತ್ತಿದೆ.
‘ಕಲ್ಲಿನ ಮೇಲೆ ದಾಟಿ’ ಅನ್ನುತ್ತದೆ ಹಾಳೆ.
ಡೆಸ್ಮಂಡ್ ನನ್ನನ್ನು ನೋಡಿದ, ನಾನು ಬಾತುಕೋಳಿಯನ್ನು.
ಸೇತುವೆ ಹಿಡಿದೆವು.

ಆಮೇಲೆ ಬೀದಿಗಳು. ಲೈಮ್ ಮರಗಳು
ಬೇರು ಹೊಕ್ಕಿಸಿ ಫುಟ್‌ಪಾತನ್ನು ಎತ್ತಿ ಹಿಡಿದಿವೆ.
ಮಳೆ ನಿಂತರೂ ಮರದ ಹನಿ ನಿಲ್ಲದು
ಎಂಬುದನ್ನು ಪರ್ವೀನ್‌ಗೆ ಇಂಗ್ಲಿಷಿನಲ್ಲಿ ಹೇಳಹೋಗಿ
ಗಾದೆ ಬರೀ ಹವಾಮಾನ ವರದಿಯಾಯಿತು.

‘ನೀಲಿ ಬಾಗಿಲ ಮನೆಯ ಬಳಿ ಎಡಕ್ಕೆ.’
ನೀಲಿ ಬಾಗಿಲಿಲ್ಲ.
ಹಸಿರು, ಬೂದು, ಸಾಸಿವೆ ಹಳದಿ, ಮತ್ತೆ ಬೂದು;
ಮಳೆಯಲ್ಲಿ ನಿಂತು ಬಾಗಿಲೆಣಿಸುವ ನಮ್ಮನ್ನು
ಕಿಟಕಿಯೊಳಗಿಂದ ಒಂದು ಬೆಕ್ಕು ಎಣಿಸಿತು.
ಕೊನೆಗೆ ಬೂದು ಬಾಗಿಲೊಂದರ ಮೂಲೆಯಲ್ಲಿ
ಬಣ್ಣ ಚಕ್ಕೆಯೆದ್ದ ಉಗುರಗಲ ಜಾಗ, ಅಲ್ಲಿ ನೀಲಿ.
ಕಂಡದ್ದು ಪರ್ವೀನ್‌ಗೆ. ಮೂವತ್ತು ವರ್ಷ
ಕಣ್ಣಾಸ್ಪತ್ರೆಯಲ್ಲಿ ದುಡಿದವಳು.

ಇಲ್ಲಿ ಕಾಡು ಹೇಳಿ ಕೇಳಿ ಶುರುವಾಗುವುದಿಲ್ಲ.
ಕೊನೆಯ ಮನೆಯ ಕಸದ ಡಬ್ಬಿ, ಒಂದು ಬೇಲಿ, ಅಷ್ಟೆ;
ಮುಂದಿನ ಹೆಜ್ಜೆಗೆ ಸದ್ದೇ ಬೇರೆ.
ಟೋಪಿಯ ಮೇಲೆ ಪಟಪಟ ಅನ್ನುತ್ತಿದ್ದ ಮಳೆ
ಎಲ್ಲೋ ಮೇಲೆ, ಎಲೆಗಳ ನಡುವೆ,
ಪಕ್ಕದ ಮನೆಯ ಮಾತು ಗೋಡೆ ದಾಟಿದ ಹಾಗೆ.

ಮತ್ತೆ ಕೆಸರು. ಲಿಂಗಸುಗೂರಿನ ಎರೆಹೊಲದ್ದು
ಚಪ್ಪಲಿ ಹಿಡಿದರೆ ಬಿಡುವ ಜಾತಿಯಲ್ಲ;
ವರ್ಷಕ್ಕೆ ನಾಕು ಮಳೆ, ನಾಕಕ್ಕೂ ಹೆಸರು.
ಇಲ್ಲಿಯದು ಜಾರಿಸುತ್ತದೆ, ಸಾರಿ ಅನ್ನುತ್ತದೆ,
ಮತ್ತೆ ಜಾರಿಸುತ್ತದೆ. ಮಳೆಗೆ ಹೆಸರಿಲ್ಲ.
ಸುರಿದದ್ದಕ್ಕೆಲ್ಲ ಹೆಸರಿಡುತ್ತ ಕೂತರೆ
ನಡೆಯುವುದು ಯಾವಾಗ?

‘ದೊಡ್ಡ ಬೀಚ್ ಮರದ ಬಳಿ ಬಲಕ್ಕೆ.’
ಮರ ಇದೆ, ಮಲಗಿದೆ.
ಹೋದ ಚಳಿಗಾಲದ ಗಾಳಿಗೆ ಉರುಳಿದ್ದಂತೆ;
ಬುಡದ ಮಣ್ಣು ಮನೆಯೆತ್ತರ ಎದ್ದು ನಿಂತಿದೆ.
ಹಾಳೆಯ ಅಂಚಿಗೆ, ಪುಟ್ಟ ಅಕ್ಷರದಲ್ಲಿ:
‘ಎರಡು ನಿಮಿಷ ನಿಲ್ಲಿ. ರಾಯ್‌ಗೆ ಉಸಿರು ಸಿಗಲಿ.’

ರಾಯ್ ಯಾರು ಅಂದೆ.
ಡೆಸ್ಮಂಡ್ ಕಾಂಡದ ಮೇಲಿನ ನೀರನ್ನು
ಕೈಯಿಂದ ಸವರಿ ಕೂತ.
ಉಕ್ಕಿನ ಕುಲುಮೆಯಲ್ಲಿ ನನ್ನ ಪಕ್ಕದವನು,
ಎನಿಡ್‌ಳ ಗಂಡ. ಎದೆ ಕೆಟ್ಟಿತ್ತು, ಗುಡ್ಡ ಹತ್ತಲಾಗುತ್ತಿರಲಿಲ್ಲ;
ಆದರೆ ಹಾಗೆ ಯಾರೂ ಹೇಳುವಂತಿರಲಿಲ್ಲ.
ಹಾಗಾಗಿ ಗುರುವಾರ ಬಂತೆಂದರೆ ಇವಳು
ಸ್ವಚ್ಛ ಆಕಾಶದಲ್ಲಿ ಮೋಡ ಹುಡುಕುತ್ತಿದ್ದಳು.
ಮಳೆ ಬರುವ ಹಾಗಿದೆ, ಕೆಳಗಿನ ದಾರಿ ಹಿಡಿಯೋಣ.
ಎರಡು ಬೇಸಿಗೆ, ಒಂದು ಹನಿ ಬೀಳಲಿಲ್ಲ.
ನಾವೆಲ್ಲ ಕೊಡೆ ಹಿಡಿದು ನಡೆದೆವು.

ಫ್ಲಾಸ್ಕಿನ ಚಹಾ ಸುತ್ತು ಬಂತು.
ಎರಡು ನಿಮಿಷ ಐದಾಯಿತು, ಯಾರೂ ಗಡಿಯಾರ ನೋಡಲಿಲ್ಲ.

ಬಸ್ ಸ್ಟಾಪಿನ ಸೂರಿನಡಿ ಪೆನ್ಸಿಲ್ ತೆಗೆದೆ
(ಪೆನ್ನು ಮಳೆಗೆ ಅಂಜುತ್ತದೆ).
ಕಲ್ಲು ಹೊಡೆದು ಸೇತುವೆ. ನೀಲಿ ಹೊಡೆದು ಬೂದು.
ದೊಡ್ಡ ಬೀಚ್ ಮರದ ಮುಂದೆ, ‘ಬಿದ್ದ’.
ಅಂಚಿನ ಸಾಲನ್ನು ಮುಟ್ಟಲಿಲ್ಲ.

ಅಷ್ಟರಲ್ಲಿ ಮೋಡ ಹರಿದು ಗುಡ್ಡ ಕಂಡಿತು,
ತೊಳೆದಿಟ್ಟ ಪಾತ್ರೆಯ ಹಾಗೆ, ತೀರಾ ಹತ್ತಿರ.
ಡೆಸ್ಮಂಡ್ ಅದನ್ನೇ ನೋಡುತ್ತ ಮೊಣಕಾಲು ನೀವಿಕೊಂಡ.

ಬರುವ ಗುರುವಾರವೂ ಮಳೆ ಇರಬಹುದು,
ಅಂದೆ ನಾನು.
ಇರಬಹುದು, ಅಂದಳು ಪರ್ವೀನ್,
ಬಿಸಿಲಿಗೆ ಕಣ್ಣು ಕಿರಿದು ಮಾಡಿ.